ಕನ್ನಡ ವಿಕಿಪೀಡಿಯದಲ್ಲಿ ಕೊಂಡಿ ಹಾಕುವುದು ಹೇಗೆ? ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ವೆಬ್ ಪುಟದಲ್ಲಿ ನೀಲಿ ಬಣ್ಣದ ಪದವನ್ನು ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಆ ಪದಕ್ಕೆ ಹಾಕಿರುವುದೇ ಕೊಂಡಿ, ಅಂದರೆ ಹೈಪರ್‌ಲಿಂಕ್. ಇದನ್ನು ಕಲಿಯಬೇಕು ಅಂದಾಗ ಹೆಚ್ಚಿನವರು ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಪಾಠ ತೆರೆದು ಕೂರುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇದೆ. ಅದು ಕನ್ನಡ ವಿಕಿಪೀಡಿಯ. ಅಲ್ಲಿ ಒಂದು ಲೇಖನದಿಂದ ಇನ್ನೊಂದಕ್ಕೆ ಕೊಂಡಿ ಹಾಕಲು ಒಂದಕ್ಷರ ಇಂಗ್ಲಿಷ್ ಬೇಕಿಲ್ಲ. ಸರ್ವರ್ ಬೇಡ, ದುಡ್ಡು ಬೇಡ, ಏನನ್ನೂ ಇಳಿಸಿಕೊಳ್ಳುವುದೂ ಬೇಡ. ತಪ್ಪಾದರೆ ಪುಟದ ಇತಿಹಾಸಕ್ಕೆ ಹೋಗಿ ಹಳೆಯ ರೂಪಕ್ಕೆ ಮರಳಬಹುದು. ಮೇಲಾಗಿ ನೀವು ಹಾಕಿದ ಕೊಂಡಿ ಅಭ್ಯಾಸದ ಹಾಳೆಯಲ್ಲಿ ಉಳಿಯುವುದಿಲ್ಲ. ಯಾರೋ ಒಬ್ಬ ವಿದ್ಯಾರ್ಥಿ ನಾಳೆ ಅದನ್ನೇ ಹಿಡಿದು ಮುಂದಿನ ಪುಟಕ್ಕೆ ಹೋಗುತ್ತಾನೆ.

ವಿಕಿ ಪುಟದಲ್ಲಿ ಕೊಂಡಿ ಹಾಕುವ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಬರಹಗಳಿವೆ. ಆದರೆ ಅವು ಕನ್ನಡದ ಮುಖ್ಯ ತೊಡಕನ್ನು ಮುಟ್ಟುವುದಿಲ್ಲ. ನಮ್ಮ ಭಾಷೆಯಲ್ಲಿ ಹೆಸರು ವಾಕ್ಯದೊಳಗೆ ಬಂದ ಕೂಡಲೇ ರೂಪ ಬದಲಿಸುತ್ತದೆ. ಲೇಖನದ ಹೆಸರು ‘ಮೈಸೂರು’. ವಾಕ್ಯದಲ್ಲಿ ಬರುವುದು ಮೈಸೂರಿನ, ಮೈಸೂರಿಗೆ, ಮೈಸೂರಿನಲ್ಲಿ. ಈ ಪ್ರತ್ಯಯಗಳನ್ನು ನಿಭಾಯಿಸಲು ಬಂದರೆ ಕೊಂಡಿ ಹಾಕುವ ಕೆಲಸದ ಮುಕ್ಕಾಲು ಪಾಲು ಬಂದ ಹಾಗೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆ ಭಾಗವೇ ಜಾಸ್ತಿ ಇದೆ.

## ಮೊದಲ ಸಿದ್ಧತೆ

ವಿಕಿಪೀಡಿಯದಲ್ಲಿ ಖಾತೆ ತೆರೆದು ಲಾಗಿನ್ ಆಗಿ. ಖಾತೆ ಇಲ್ಲದೆಯೂ ತಿದ್ದಬಹುದು, ಆದರೆ ಖಾತೆ ಇದ್ದರೆ ನಿಮ್ಮದೇ ಆದ ‘ಪ್ರಯೋಗಪುಟ’ ಸಿಗುತ್ತದೆ. ಮೊದಲ ಅಭ್ಯಾಸವೆಲ್ಲ ಅಲ್ಲೇ ಆಗಲಿ. ಬೇರೆ ಯಾರ ಲೇಖನವೂ ಕೆಡುವುದಿಲ್ಲ.

ಸಂಪಾದನೆಗೆ ಎರಡು ದಾರಿಗಳಿವೆ. ಒಂದರಲ್ಲಿ ಪುಟ ಓದುಗರಿಗೆ ಕಾಣುವಂತೆಯೇ ಕಾಣುತ್ತದೆ, ಅಲ್ಲೇ ಟೈಪ್ ಮಾಡಬಹುದು. ಇದು ವಿಶುವಲ್ ಎಡಿಟರ್. ಇನ್ನೊಂದರಲ್ಲಿ ಗುರುತುಗಳ ಸಮೇತ ಪುಟದ ಮೂಲ ಪಠ್ಯ ಕಾಣುತ್ತದೆ. ಮೂಲ ಪಠ್ಯದಲ್ಲೇ ಮೊದಲು ಕಲಿಯಿರಿ ಎಂದು ನನ್ನ ಸಲಹೆ. ಒಳಗೆ ಏನು ನಡೆಯುತ್ತಿದೆ ಅನ್ನುವುದು ಅಲ್ಲಿ ಕಣ್ಣೆದುರೇ ಇರುತ್ತದೆ. ಅದು ಗೊತ್ತಾದ ಮೇಲೆ ವಿಶುವಲ್ ಎಡಿಟರ್ ತಾನಾಗಿ ಸುಲಭವಾಗುತ್ತದೆ.

ಮುಖ್ಯವಾಗಿ ಬೇಕಾಗುವ ಗುರುತುಗಳು ಮೂರು: ಚೌಕ ಆವರಣ [ ಮತ್ತು ], ನಿಂತ ಗೆರೆಯಂತಿರುವ ಪೈಪ್ |, ಮತ್ತು ಹ್ಯಾಶ್ #. ಇವನ್ನು ಟೈಪ್ ಮಾಡುವುದರಲ್ಲೇ ಹೊಸಬರಿಗೆ ಮೊದಲ ತಡೆ ಎದುರಾಗುತ್ತದೆ. ನೀವು ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುತ್ತಿದ್ದರೆ ಎಡ ಆವರಣದ ಕೀಲಿ ಒತ್ತಿದಾಗ ಆವರಣ ಬರುವುದಿಲ್ಲ, ‘ಡ’ ಬರುತ್ತದೆ. ಶಿಫ್ಟ್ ಹಿಡಿದರೆ ‘ಢ’. ಗುರುತು ಹಾಕುವಷ್ಟು ಹೊತ್ತು ಇಂಗ್ಲಿಷ್ ಕೀಲಿಮಣೆಗೆ ಬದಲಿಸಿಕೊಳ್ಳಿ. ವಿಕಿಪೀಡಿಯದೊಳಗಿನ ಕನ್ನಡ ಟೈಪಿಂಗ್ ಸೌಲಭ್ಯವನ್ನು ಬಳಸುವವರು ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಬಹುದು, ಮತ್ತೆ ಶುರು ಮಾಡಬಹುದು. ಫೋನಿನಲ್ಲಾದರೆ ಅಂಕಿಗಳ ಪುಟಕ್ಕೆ ಹೋಗಿ, ಅಲ್ಲಿಂದ ಇನ್ನಷ್ಟು ಚಿಹ್ನೆಗಳ ಪುಟಕ್ಕೆ ಹೋಗಿ. ಮೂರೂ ಈ ಎರಡು ಪುಟಗಳಲ್ಲಿ ಸಿಗುತ್ತವೆ.

ಅಭ್ಯಾಸಕ್ಕೆ ಒಂದು ಪ್ಯಾರಾ ಬೇಕಲ್ವಾ? ಇದನ್ನು ಪ್ರಯೋಗಪುಟಕ್ಕೆ ಹಾಕಿಕೊಳ್ಳಿ:

ಪಟ್ಟದಕಲ್ಲು ಬಾಗಲಕೋಟೆ ಜಿಲ್ಲೆಯ ಊರು. ಮಲಪ್ರಭೆಯ ದಡದಲ್ಲಿದೆ. ಬಾದಾಮಿಯ ಚಾಲುಕ್ಯರು ಇಲ್ಲಿ ಹಲವು ಗುಡಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ದೊಡ್ಡದು ವಿರೂಪಾಕ್ಷ ದೇವಾಲಯ. ಎರಡನೇ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಬೇಕೆಂದೇ ಈ ಪ್ಯಾರಾ ಆರಿಸಿದ್ದೇನೆ. ಕನ್ನಡದಲ್ಲಿ ಕೊಂಡಿ ಹಾಕುವಾಗ ಎದುರಾಗುವ ಹೆಚ್ಚಿನ ಕಷ್ಟಗಳು ಇದರೊಳಗೆ ಇವೆ.

## ಮೊದಲ ಕೊಂಡಿ

ಯಾವ ಲೇಖನಕ್ಕೆ ಕೊಂಡಿ ಬೇಕೋ ಅದರ ಹೆಸರಿನ ಎರಡೂ ಬದಿಗೆ ಎರಡೆರಡು ಚೌಕ ಆವರಣ ಹಾಕಿ:

[[ಬಾದಾಮಿ]]

ಅಷ್ಟೇ. ಉಳಿಸುವ ಮೊದಲು ‘ಮುನ್ನೋಟ’ ಒತ್ತಿ. ಆ ಹೆಸರಿನ ಪುಟ ಇದ್ದರೆ ಪದ ನೀಲಿಯಾಗುತ್ತದೆ, ಇಲ್ಲದಿದ್ದರೆ ಕೆಂಪಾಗುತ್ತದೆ. ಆವರಣದೊಳಗೆ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟರೂ ತೊಂದರೆ ಇಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದು ಪುಟದಿಂದ ಅದೇ ಪುಟಕ್ಕೆ ಕೊಂಡಿ ಹಾಕಿದರೆ ಕೊಂಡಿ ಆಗುವುದಿಲ್ಲ. ಪದ ಸುಮ್ನೆ ದಪ್ಪ ಅಕ್ಷರದಲ್ಲಿ ಕಾಣುತ್ತದೆ.

ಈ ಜೋಡಿ ಆವರಣ ಬಂದದ್ದು ನಮಗೆ ದೊಡ್ಡ ಅನುಕೂಲ. 1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು (ಓದುವವರೇ ತಿದ್ದಬಹುದಾದ ತಾಣವನ್ನು) ಶುರು ಮಾಡಿದಾಗ ಕೊಂಡಿಗೆ ಆವರಣ ಇರಲಿಲ್ಲ. ಎರಡು ಇಂಗ್ಲಿಷ್ ಪದಗಳನ್ನು ಅಂಟಿಸಿ, ಪ್ರತಿಯೊಂದರ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಅದೇ ಕೊಂಡಿಯಾಗುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಆ ಪದ್ಧತಿ ಹಾಗೇ ಉಳಿದಿದ್ದರೆ ನಮ್ಮ ಲಿಪಿಯಲ್ಲಿ ಕೊಂಡಿ ಹಾಕುವುದು ಸಾಧ್ಯವೇ ಆಗುತ್ತಿರಲಿಲ್ಲ. 2001ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಶುರುವಾದ ಮೇಲೆ ಅಲ್ಲಿ ಜೋಡಿ ಆವರಣ ಬಳಕೆಗೆ ಬಂತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗುವ ಹೊತ್ತಿಗೆ ಅದು ನೆಲೆಯೂರಿತ್ತು.

## ಪೈಪ್: ಕನ್ನಡಕ್ಕೆ ಬೇಕೇ ಬೇಕಾದ ಗೆರೆ

ಈಗ ನಮ್ಮ ಪ್ಯಾರಾದ ‘ಬಾದಾಮಿಯ’ ನೋಡಿ. ಲೇಖನದ ಹೆಸರು ‘ಬಾದಾಮಿ’. [[ಬಾದಾಮಿಯ]] ಎಂದು ಬರೆದರೆ ತಂತ್ರಾಂಶ ‘ಬಾದಾಮಿಯ’ ಎಂಬ ಹೆಸರಿನ ಪುಟವನ್ನೇ ಹುಡುಕುತ್ತದೆ. ಅಂಥ ಪುಟ ಇಲ್ಲ, ಕೊಂಡಿ ಕೆಂಪಾಗುತ್ತದೆ. ತಂತ್ರಾಂಶಕ್ಕೆ ವಿಭಕ್ತಿ ಗೊತ್ತಿಲ್ಲ. ಹಾಗಾಗಿ ಎರಡನ್ನೂ ನಾವೇ ಹೇಳಬೇಕು: ಎಲ್ಲಿಗೆ ಹೋಗಬೇಕು, ಏನು ಕಾಣಬೇಕು. ನಡುವೆ ಪೈಪ್ ಗುರುತು:

[[ಬಾದಾಮಿ|ಬಾದಾಮಿಯ]]

ಗೆರೆಯ ಎಡಕ್ಕೆ ಲೇಖನದ ಹೆಸರು, ಅಕ್ಷರ ಅಕ್ಷರವೂ ಸರಿಯಾಗಿ. ಬಲಕ್ಕೆ ನಿಮ್ಮ ವಾಕ್ಯಕ್ಕೆ ಬೇಕಾದ ರೂಪ. ಓದುಗರಿಗೆ ಬಲಗಡೆಯದು ಮಾತ್ರ ಕಾಣುತ್ತದೆ. ಈ ಒಂದು ಸಾಲು ಗಟ್ಟಿಯಾದರೆ ಕನ್ನಡದಲ್ಲಿ ನೀವು ಯಾವ ಕೊಂಡಿಯನ್ನಾದರೂ ಹಾಕಬಹುದು.

‘ಪ್ರತ್ಯಯವನ್ನು ಆವರಣದ ಹೊರಗೆ ಬಿಟ್ಟರೆ ಆಗದೇ?’ ಎಂದು ಕೇಳುತ್ತೀರಿ. [[ಬಾದಾಮಿ]]ಯ ಎಂದು ಬರೆದರೆ ಕೊಂಡಿ ಕೆಲಸ ಮಾಡುತ್ತದೆ, ನಿಜ. ಯಾಕೆಂದರೆ ‘ಯ’ ಒಂದು ಪೂರ್ತಿ ಅಕ್ಷರ, ತಾನಾಗಿ ನಿಲ್ಲುತ್ತದೆ. ಈಗ ‘ಪಟ್ಟದಕಲ್ಲಿನ’ ತೆಗೆದುಕೊಳ್ಳಿ. ಹೆಸರು ‘ಪಟ್ಟದಕಲ್ಲು’. ಇಲ್ಲಿ ‘ಲ್ಲು’ ಹೋಗಿ ‘ಲ್ಲಿ’ ಆಗಿದೆ. ಎಲ್ಲಿ ಕತ್ತರಿಸುತ್ತೀರಿ? ‘ಪಟ್ಟದಕಲ್ಲ’ ಅಂತ ಆವರಣದೊಳಗೆ ಇಟ್ಟು ಗುಡಿಸನ್ನು ಹೊರಗೆ ತಳ್ಳಿದರೆ ಎರಡು ಅನಾಹುತ ಒಟ್ಟಿಗೆ ಆಗುತ್ತವೆ. ಆ ಹೆಸರಿನ ಪುಟ ಸಿಗುವುದಿಲ್ಲ, ಜೊತೆಗೆ ಹೊರಗೆ ಉಳಿದ ಸ್ವರಚಿಹ್ನೆಗೆ ಕೂರಲು ವ್ಯಂಜನ ಇಲ್ಲದೆ ಪರದೆಯ ಮೇಲೆ ಚುಕ್ಕೆಗಳ ವೃತ್ತವೊಂದು ಕಾಣಿಸಿಕೊಳ್ಳುತ್ತದೆ. ಮೈಸೂರು, ಬೆಂಗಳೂರು, ಮಂಗಳೂರು, ಬೇಲೂರು, ನಮ್ಮ ಎಷ್ಟೋ ಊರುಗಳ ಹೆಸರು ಉಕಾರದಲ್ಲೇ ಮುಗಿಯುತ್ತವೆ. ಎಲ್ಲಕ್ಕೂ ಇದೇ ತೊಂದರೆ. ಆದ್ದರಿಂದ ಯಾವುದು ಕತ್ತರಿಸಬಹುದು, ಯಾವುದು ಆಗದು ಎಂದು ಪ್ರತಿ ಸಲ ಯೋಚಿಸುವ ಬದಲು ಪ್ರತ್ಯಯ ಬಂದಾಗಲೆಲ್ಲ ಪೈಪ್ ಬಳಸಿ. ಪೂರ್ತಿ ಪದ ಒಂದೇ ಬಣ್ಣದಲ್ಲಿ, ಒಂದೇ ತುಂಡಾಗಿ ಕಾಣುತ್ತದೆ.

ಹೆಸರೇ ಬೇರೆ ರೂಪದಲ್ಲಿ ಬಂದಾಗಲೂ ಇದೇ ದಾರಿ. ನಾವು ‘ಮಲಪ್ರಭೆ’ ಎಂದು ಬರೆದೆವು. ಲೇಖನ ‘ಮಲಪ್ರಭಾ ನದಿ’ ಎಂಬ ಹೆಸರಿನಲ್ಲಿದ್ದರೆ ಹೀಗೆ:

[[ಮಲಪ್ರಭಾ ನದಿ|ಮಲಪ್ರಭೆಯ]] ದಡದಲ್ಲಿದೆ.

ಎಡಗಡೆ ಯಾವ ಹೆಸರು ಹಾಕಬೇಕು ಎಂದು ಊಹಿಸಬೇಡಿ. ಇನ್ನೊಂದು ಟ್ಯಾಬಿನಲ್ಲಿ ವಿಕಿಪೀಡಿಯ ತೆರೆದು ಹುಡುಕಿ, ಲೇಖನ ತೆರೆದು, ಅದರ ತಲೆಬರಹವನ್ನು ನಕಲು ಮಾಡಿ ಅಂಟಿಸಿ. ನಾಲ್ಕು ಸೆಕೆಂಡು ಹೆಚ್ಚು ಹಿಡಿಯಬಹುದು, ಆದರೆ ಮುಂದೆ ಹೇಳುವ ತಲೆನೋವುಗಳಲ್ಲಿ ಬಹಳಷ್ಟು ಅಲ್ಲೇ ತಪ್ಪುತ್ತವೆ.

ಮುಂದೆ ನೀವು ಎಚ್‌ಟಿಎಂಎಲ್ ಕಲಿತರೆ ಇದೇ ಎರಡು ಭಾಗಗಳು ಮತ್ತೆ ಸಿಗುತ್ತವೆ. ವಿಕಿಯ ತಂತ್ರಾಂಶ ನಮ್ಮ ಜೋಡಿ ಆವರಣವನ್ನು ಒಳಗೊಳಗೇ ‘ಎ’ ಎಂಬ ಟ್ಯಾಗ್ ಆಗಿ, ಅಂದರೆ ಎಚ್‌ಟಿಎಂಎಲ್ ಗುರುತಾಗಿ, ಬದಲಿಸುತ್ತದೆ. ಗೆರೆಯ ಎಡಗಡೆಯದು ಆ ಟ್ಯಾಗಿನ ‘ಎಚ್‌ರೆಫ್’ ಎಂಬ ಜಾಗಕ್ಕೆ ವಿಳಾಸವಾಗಿ ಹೋಗುತ್ತದೆ. ಬಲಗಡೆಯದು ಟ್ಯಾಗ್ ತೆರೆಯುವ ಮತ್ತು ಮುಚ್ಚುವ ಗುರುತುಗಳ ನಡುವೆ ಕೂರುತ್ತದೆ. ಯಾವ ವೆಬ್ ಪುಟದ ಯಾವ ಕೊಂಡಿಯಲ್ಲೂ ಇರುವುದು ಈ ಎರಡೇ: ಹೋಗುವ ಜಾಗ, ಕಾಣುವ ಮಾತು.

## ಪುಟ ಇದ್ದರೂ ಕೊಂಡಿ ಕೆಂಪಾದರೆ

‘ಲೇಖನ ಇದೆ, ನಾನೇ ನೋಡಿದ್ದೇನೆ, ಹೆಸರೂ ಸರಿಯಾಗಿಯೇ ಇದೆ, ಆದರೂ ಕೆಂಪು!’ ಹೊಸಬರು ಹೀಗೆ ಕಂಗಾಲಾಗುವುದು ತುಂಬಾ ಸಾಮಾನ್ಯ. ಕಣ್ಣಿಗೆ ಒಂದೇ ಆಗಿ ಕಂಡದ್ದು ಕಂಪ್ಯೂಟರಿಗೆ ಬೇರೆಯಾಗಿರುತ್ತದೆ. ಇವನ್ನು ಒಂದೊಂದಾಗಿ ನೋಡಿ.

ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿದೆಯೇ? ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ. ‘ಹ೦ಪಿ’ ಮತ್ತು ‘ಹಂಪಿ’ ಇವೆರಡರಲ್ಲಿ ಮೊದಲನೆಯದರಲ್ಲಿ ಇರುವುದು ಅಂಕಿ. ಹಳೆಯ ಫಾಂಟುಗಳಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಗಳಿಗೆ) ಬದಲಿಸಿದ ಬರಹಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ಹಾಗೆಯೇ ಅರ್ಕಾವತ್ತಿನ ಬದಲು ಒಂಬತ್ತು. ‘ಸೂರ್ಯ’ ಎಂದು ಬರೆಯಬೇಕಾದಲ್ಲಿ ‘ಸೂಯ೯’ ಎಂದು ಹೊಡೆದಿರುತ್ತಾರೆ. ಓದುವವರು ಹೇಗೋ ಓದಿಕೊಂಡು ಹೋಗುತ್ತಾರೆ. ಕೊಂಡಿ ಮಾತ್ರ ಹೋಗುವುದಿಲ್ಲ.

ಕಾಣದ ಅಕ್ಷರ ಇದೆಯೇ? ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದಮೇಲೆ ‘ಕು’ ಒತ್ತಕ್ಷರವಾಗಿ ಕೆಳಗಿಳಿಯಬಾರದು. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಈ ಎರಡು ವಿಕಿಯ ಲೆಕ್ಕದಲ್ಲಿ ಎರಡು ಬೇರೆ ಹೆಸರುಗಳು. ಇನ್ನೂ ಕಷ್ಟದ್ದು ಪದದ ಕೊನೆಯಲ್ಲಿ ಸೇರಿಕೊಂಡಿರುವ ಕಾಣದ ಗುರುತು. ‘ರಾಜ್‌ಕುಮಾರ್’ ಎಂಬುದರ ಕೊನೆಯ ‘ರ್’ ಆದಮೇಲೆ ಅದು ಇದ್ದರೂ ಇಲ್ಲದಿದ್ದರೂ ನೋಟದಲ್ಲಿ ಏನೂ ವ್ಯತ್ಯಾಸ ಇಲ್ಲ. ಪತ್ತೆ ಮಾಡಲು ಒಂದು ಉಪಾಯ: ಕರ್ಸರನ್ನು ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಸರಿಸಿ. ಒಂದು ಕಡೆ ಕೀಲಿ ಒತ್ತಿದರೂ ಕರ್ಸರ್ ಕದಲದಿದ್ದರೆ ಅಲ್ಲೊಂದು ಕಾಣದ ಗುರುತು ಇರಬಹುದು ಎಂದು ಅನುಮಾನಿಸಿ. ಅದಕ್ಕೂ ಸುಲಭ ಅಂದರೆ ಹೆಸರನ್ನು ಪೂರ್ತಿ ಅಳಿಸಿ, ಲೇಖನದ ತಲೆಬರಹವನ್ನೇ ನಕಲು ಮಾಡಿ ಹಾಕುವುದು.

ಗೆರೆ ಸರಿಯಾದದ್ದೇ? ಸಂಸ್ಕೃತ ಶ್ಲೋಕಗಳಲ್ಲಿ, ವಚನಗಳಲ್ಲಿ ಬಳಸುವ ಪೂರ್ಣವಿರಾಮ । ಮತ್ತು ಪೈಪ್ | ನೋಡಲು ಅವಳಿಜವಳಿ. ಫೋನಿನ ಕೆಲವು ಕೀಲಿಮಣೆಗಳಲ್ಲಿ ಮೊದಲನೆಯದೇ ಬೇಗ ಕೈಗೆ ಸಿಗುತ್ತದೆ. ಅದನ್ನು ಹಾಕಿದರೆ ‘ಬಾದಾಮಿ।ಬಾದಾಮಿಯ’ ಎಂಬುದೇ ಒಂದು ಪುಟದ ಹೆಸರು ಎಂದು ವಿಕಿ ತಿಳಿಯುತ್ತದೆ. ಮುನ್ನೋಟದಲ್ಲಿ ಎರಡೂ ಪದಗಳು ಗೆರೆಯ ಸಮೇತ ಕೆಂಪಾಗಿ ಕಂಡರೆ ತಪ್ಪು ಇಲ್ಲೇ ಇದೆ.

ಕಾಗುಣಿತ ಬೇರೆಯೇ? ಬಾಗಲಕೋಟ, ಬಾಗಲಕೋಟೆ. ಹಂಪಿ, ಹಂಪೆ. ವಿಕಿಪೀಡಿಯ, ವಿಕಿಪೀಡಿಯಾ. ಎರಡೂ ಬಳಕೆಯಲ್ಲಿವೆ, ಲೇಖನ ಮಾತ್ರ ಒಂದೇ ಹೆಸರಿನಲ್ಲಿ ಇರುತ್ತದೆ. ಇದಕ್ಕೆ ಶಾಶ್ವತ ಪರಿಹಾರ ಇದೆ. ಇನ್ನೊಂದು ಕಾಗುಣಿತದ ಹೆಸರಿನಲ್ಲಿ ಒಂದು ಪುಟ ಮಾಡಿ, ಅದರಲ್ಲಿ ಹ್ಯಾಶ್ ಗುರುತು, ಅದಕ್ಕೆ ಅಂಟಿಕೊಂಡಂತೆ ರಿಡೈರೆಕ್ಟ್ ಎಂಬ ಪದ ಇಂಗ್ಲಿಷಿನಲ್ಲಿ, ಆಮೇಲೆ ಜೋಡಿ ಆವರಣದೊಳಗೆ ಸರಿಯಾದ ಲೇಖನದ ಹೆಸರು, ಇಷ್ಟು ಬರೆದು ಉಳಿಸಿ. ಆ ಕಾಗುಣಿತದಲ್ಲಿ ಹುಡುಕಿ ಬಂದವರೆಲ್ಲ ತಾನಾಗಿ ಸರಿಯಾದ ಪುಟಕ್ಕೆ ಹೋಗುತ್ತಾರೆ. ಕನ್ನಡದಲ್ಲಿ ಇಂಥ ಪುಟಗಳು ಎಷ್ಟಿದ್ದರೂ ಸಾಲದು.

ಇದೆಲ್ಲ ನೋಡಿಯೂ ಕೆಂಪಾಗಿದ್ದರೆ ಆ ಲೇಖನ ನಿಜವಾಗಿಯೂ ಇಲ್ಲ ಎಂದರ್ಥ. ಆಗ ಕೊಂಡಿಯನ್ನು ತೆಗೆಯಬೇಡಿ! ಲೋಕಮಹಾದೇವಿಯ ಬಗ್ಗೆ ಪುಟ ಇಲ್ಲದಿದ್ದರೆ [[ಲೋಕಮಹಾದೇವಿ]] ಕೆಂಪಾಗಿಯೇ ಇರಲಿ. ಪಟ್ಟದಕಲ್ಲಿನ ಅತಿ ದೊಡ್ಡ ಗುಡಿ ಕಟ್ಟಿಸಿದವಳ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬೇಕು ಎಂದು ಅದು ಹೇಳುತ್ತಿರುತ್ತದೆ. ಅದನ್ನು ಒತ್ತಿದರೆ ನೇರವಾಗಿ ಹೊಸ ಲೇಖನ ಬರೆಯುವ ಪುಟ ತೆರೆಯುತ್ತದೆ. ಕೆಂಪು ಕಂಡ ಕೂಡಲೇ ಅಳಿಸುವ ಅಭ್ಯಾಸ ಕೆಲವರಿಗಿದೆ. ಪುಟ ಚೆಂದ ಕಾಣಲಿ ಎಂಬ ಆಸೆ ಅರ್ಥವಾಗುತ್ತದೆ, ಆದರೆ ಅದರಿಂದ ಬೆಳೆಯಬೇಕಾದ ವಿಶ್ವಕೋಶಕ್ಕೆ ನಷ್ಟ. ಯಾರೂ ಎಂದೂ ಲೇಖನ ಬರೆಯಲಾರದಂಥ ವಿಷಯಕ್ಕೆ ಮಾತ್ರ ಕೆಂಪು ಕೊಂಡಿ ಬೇಡ.

## ನೀಲಿಯಾಯಿತು ಎಂದು ಅಲ್ಲಿಗೇ ಬಿಡಬೇಡಿ

ಕೆಂಪು ಕೊಂಡಿ ತನ್ನ ತಪ್ಪನ್ನು ತಾನೇ ತೋರಿಸುತ್ತದೆ. ನೀಲಿ ಕೊಂಡಿ ಹಾಗಲ್ಲ. ತಪ್ಪು ಜಾಗಕ್ಕೆ ಹೋಗುತ್ತಿದ್ದರೂ ಅದು ಸರಿಯಾಗಿಯೇ ಕಾಣುತ್ತದೆ.

ನಮ್ಮ ಪ್ಯಾರಾದಲ್ಲಿ ‘ವಿರೂಪಾಕ್ಷ ದೇವಾಲಯ’ ಇದೆ. ಸುಮ್ನೆ ಆವರಣ ಹಾಕಿದರೆ ಓದುಗರು ಹಂಪಿಯ ವಿರೂಪಾಕ್ಷನ ಗುಡಿಗೆ ಹೋಗಿ ಸೇರಬಹುದು. ಆದರೆ ನಾವು ಹೇಳುತ್ತಿರುವುದು 8ನೇ ಶತಮಾನದ ಪಟ್ಟದಕಲ್ಲಿನ ಗುಡಿಯ ಬಗ್ಗೆ. ‘ವಿಕ್ರಮಾದಿತ್ಯ’ ಇನ್ನೂ ಕಷ್ಟ. ಬಾದಾಮಿಯ ಚಾಲುಕ್ಯರಲ್ಲಿ ಇಬ್ಬರಿದ್ದಾರೆ, ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯ ಇದ್ದಾನೆ, ಬೇತಾಳ ಕಥೆಯ ಉಜ್ಜಯಿನಿಯ ರಾಜ ಬೇರೆ. ಬಾದಾಮಿ ಎಂದರೂ ಊರು ಒಂದು, ಪಾಯಸಕ್ಕೆ ಹಾಕುವುದು ಇನ್ನೊಂದು. ಒಂದೇ ಹೆಸರಿಗೆ ಹಲವು ಲೇಖನಗಳಿದ್ದಾಗ ಸಾಮಾನ್ಯವಾಗಿ ಹೆಸರಿನ ಮುಂದೆ ಕಂಸದಲ್ಲಿ ವಿವರ ಇರುತ್ತದೆ. ಎಲ್ಲವನ್ನೂ ಪಟ್ಟಿ ಮಾಡುವ ‘ದ್ವಂದ್ವ ನಿವಾರಣೆ’ ಪುಟವೂ ಇರಬಹುದು. ನಿಮ್ಮ ಕೊಂಡಿ ಆ ಪಟ್ಟಿಗೆ ಹೋಗಬಾರದು, ನೇರ ಲೇಖನಕ್ಕೇ ಹೋಗಬೇಕು:

[[ವಿರೂಪಾಕ್ಷ ದೇವಾಲಯ (ಪಟ್ಟದಕಲ್ಲು)|ವಿರೂಪಾಕ್ಷ ದೇವಾಲಯ]]

ಇಲ್ಲೊಂದು ಒಳ್ಳೆಯ ಸೌಲಭ್ಯ ಇದೆ. ಪೈಪ್ ಹಾಕಿ ಬಲಗಡೆ ಏನನ್ನೂ ಬರೆಯದೆ ಆವರಣ ಮುಚ್ಚಿ:

[[ವಿರೂಪಾಕ್ಷ ದೇವಾಲಯ (ಪಟ್ಟದಕಲ್ಲು)|]]

ಉಳಿಸಿದಾಗ ಕಂಸದ ಭಾಗ ಬಿಟ್ಟು ಉಳಿದದ್ದನ್ನು ತಂತ್ರಾಂಶವೇ ಬಲಗಡೆ ತುಂಬುತ್ತದೆ.

ಹಾಕಿದ ಪ್ರತಿ ಕೊಂಡಿಯನ್ನೂ ಮುನ್ನೋಟದಿಂದ ಹೊಸ ಟ್ಯಾಬಿನಲ್ಲಿ ತೆರೆದು ನೋಡಿ. ಇದನ್ನು ಬಿಡಲೇಬಾರದು. ತಪ್ಪು ರಾಜನ ಪುಟಕ್ಕೆ ಹೋದ ವಿದ್ಯಾರ್ಥಿ ಅದನ್ನೇ ತನ್ನ ಪ್ರಬಂಧಕ್ಕೆ ಇಳಿಸಿಕೊಳ್ಳುತ್ತಾನೆ. ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ.

## ಪುಟದ ನಡುವಿಗೆ ಕೊಂಡಿ

ಉದ್ದದ ಲೇಖನದ ಒಂದು ಭಾಗಕ್ಕೆ ಮಾತ್ರ ಕಳಿಸಬೇಕಾದರೆ ಹೆಸರಿನ ನಂತರ ಹ್ಯಾಶ್ ಹಾಕಿ ಆ ಭಾಗದ ತಲೆಬರಹ ಬರೆಯಿರಿ:

[[ಚಾಲುಕ್ಯ#ವಾಸ್ತುಶಿಲ್ಪ|ಚಾಲುಕ್ಯರ ವಾಸ್ತುಶಿಲ್ಪ]]

ಅದೇ ಪುಟದೊಳಗೆ ಆದರೆ [[#ಇತಿಹಾಸ|ಮೇಲಿನ ಇತಿಹಾಸ ಭಾಗ]] ಸಾಕು. ಮುಂದೆ ಯಾರಾದರೂ ಆ ತಲೆಬರಹವನ್ನು ‘ವಾಸ್ತುಶಿಲ್ಪ’ದಿಂದ ‘ಕಲೆ ಮತ್ತು ವಾಸ್ತುಶಿಲ್ಪ’ ಎಂದು ಬದಲಿಸಿದರೆ ಕೊಂಡಿ ಕೆಂಪಾಗುವುದಿಲ್ಲ, ಓದುಗರನ್ನು ಪುಟದ ಮೇಲ್ತುದಿಗೆ ತಂದು ಬಿಡುತ್ತದೆ. ಹಾಗಾಗಿ ಬೇಗ ಬದಲಾಗದಂಥ ತಲೆಬರಹಗಳಿಗೇ ಇದನ್ನು ಬಳಸಿ.

ವರ್ಗಗಳ, ಅಂದರೆ ಒಂದೇ ಬಗೆಯ ಲೇಖನಗಳ ಗುಂಪುಗಳ, ವಿಷಯ ಬೇರೆ. [[ವರ್ಗ:ಬಾಗಲಕೋಟೆ ಜಿಲ್ಲೆಯ ಪ್ರವಾಸಿ ತಾಣಗಳು]] ಎಂದು ಬರೆದರೆ ಆ ಜಾಗದಲ್ಲಿ ಕೊಂಡಿ ಕಾಣುವುದಿಲ್ಲ. ಲೇಖನ ಆ ವರ್ಗಕ್ಕೆ ಸೇರಿಕೊಳ್ಳುತ್ತದೆ, ಹೆಸರು ಪುಟದ ಕೆಳಗೆ ಬರುತ್ತದೆ. ವರ್ಗದ ಪುಟಕ್ಕೇ ಕೊಂಡಿ ಬೇಕಿದ್ದರೆ ಎಲ್ಲಕ್ಕಿಂತ ಮೊದಲು ಒಂದು ಕೋಲನ್ (:) ಸೇರಿಸಿ: [[:ವರ್ಗ:ಬಾಗಲಕೋಟೆ ಜಿಲ್ಲೆಯ ಪ್ರವಾಸಿ ತಾಣಗಳು]].

## ಹೊರಗಿನ ತಾಣಗಳಿಗೆ

ವಿಕಿಪೀಡಿಯದ ಹೊರಗಿನ ಪುಟಕ್ಕೆ ಕೊಂಡಿ ಹಾಕುವಾಗ ನಿಯಮ ಬದಲಾಗುತ್ತದೆ. ಆವರಣ ಒಂದೊಂದೇ. ಮೊದಲು ಪೂರ್ತಿ ವಿಳಾಸ, ಆಮೇಲೆ ಒಂದು ಖಾಲಿ ಜಾಗ, ನಂತರ ಕಾಣಬೇಕಾದ ಮಾತು:

[ಪೂರ್ತಿ-ವಿಳಾಸ ಯುನೆಸ್ಕೋ ತಾಣದಲ್ಲಿ ಪಟ್ಟದಕಲ್ಲಿನ ಪುಟ]

ಇಲ್ಲಿ ಪೈಪ್ ಹಾಕಬಾರದು. ಹಾಕಿದರೆ ಅದೂ ವಿಳಾಸದ ಭಾಗ ಎಂದುಕೊಂಡು ಬ್ರೌಸರ್ ಇಲ್ಲದ ಪುಟಕ್ಕೆ ಹೋಗುತ್ತದೆ. ವಿಳಾಸ ಎಚ್‌ಟಿಟಿಪಿಎಸ್ ಅಥವಾ ಎಚ್‌ಟಿಟಿಪಿ ಎಂಬ ಅಕ್ಷರಗಳಿಂದ ಶುರುವಾಗಬೇಕು, ಅದನ್ನು ಬಿಟ್ಟರೆ ಕೊಂಡಿ ಆಗುವುದೇ ಇಲ್ಲ. ವಿಳಾಸವನ್ನು ಕೈಯಿಂದ ಹೊಡೆಯುವ ಬದಲು ಬ್ರೌಸರಿನಿಂದ ನಕಲು ಮಾಡಿ. ಹೊಸ ಖಾತೆಯವರು ಹೊರಗಿನ ಕೊಂಡಿ ಸೇರಿಸಿದಾಗ ಚಿತ್ರದಲ್ಲಿರುವ ಅಕ್ಷರ ಓದಿ ಹೊಡೆಯಿರಿ ಎಂದು ಕೇಳುತ್ತದೆ. ಗಾಬರಿ ಬೇಡ, ಅದು ಯಂತ್ರಗಳು ಜಾಹೀರಾತು ತುಂಬದಂತೆ ಇಟ್ಟಿರುವ ತಡೆ.

ಹೊರಗಿನ ಕೊಂಡಿಗಳನ್ನು ಲೇಖನದ ಸಾಲುಗಳ ನಡುವೆ ಹಾಕುವ ಪದ್ಧತಿ ಇಲ್ಲ. ಅವು ಉಲ್ಲೇಖಗಳಲ್ಲಿ ಅಥವಾ ಕೊನೆಯ ‘ಬಾಹ್ಯ ಸಂಪರ್ಕಗಳು’ ಭಾಗದಲ್ಲಿ ಇರಬೇಕು. ತಮ್ಮ ಅಂಗಡಿಯ, ಹೋಟೆಲಿನ ತಾಣಕ್ಕೆ ಕೊಂಡಿ ಹಾಕಿದರೆ ಗೂಗಲಿನಲ್ಲಿ ಮೇಲೆ ಬರಬಹುದು ಎಂದು ಪ್ರಯತ್ನಿಸುವವರಿದ್ದಾರೆ. ವಿಕಿಪೀಡಿಯದ ಹೊರಗಿನ ಕೊಂಡಿಗಳಿಗೆ ‘ನೋಫಾಲೋ’ ಎಂಬ ಗುರುತು ತಾನಾಗಿ ಸೇರುತ್ತದೆ. ಇವನ್ನು ಶಿಫಾರಸು ಎಂದು ಎಣಿಸಬೇಡಿ ಎಂದು ಹುಡುಕು ತಾಣಗಳಿಗೆ ಅದು ಹೇಳುತ್ತದೆ. ಪುಸ್ತಕಗಳನ್ನು, ಸಿನಿಮಾಗಳನ್ನು ಕದ್ದು ಹಾಕಿರುವ ತಾಣಗಳಿಗೆ ಎಂದೂ ಕೊಂಡಿ ಕೊಡಬೇಡಿ. ಆ ಪುಸ್ತಕ ಎಷ್ಟು ಅಪರೂಪದ್ದಾದರೂ ಸರಿ.

ಪತ್ರಿಕೆಗಳ ತಾಣ ಹೊಸ ರೂಪ ಪಡೆದಾಗ ಹಳೆಯ ಸುದ್ದಿಗಳ ವಿಳಾಸ ಸಾಮಾನ್ಯವಾಗಿ ಸತ್ತುಹೋಗುತ್ತದೆ. ಕನ್ನಡದ ವಿಷಯಗಳಿಗೆ ಆಧಾರವೇ ಕಡಿಮೆ, ಇದ್ದ ಒಂದೂ ಹೋದರೆ ಲೇಖನವೇ ಅನುಮಾನಕ್ಕೆ ಬೀಳುತ್ತದೆ. ಅದಕ್ಕೇ ಉಲ್ಲೇಖ ಹಾಕುವ ದಿನವೇ ಆ ವಿಳಾಸವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು ಒಂದು ಪ್ರತಿ ಉಳಿಸಿ. ಮೂಲ ಪುಟ ಮುಂದೆ ಮಾಯವಾದರೂ ಆ ಪ್ರತಿಯ ವಿಳಾಸ ಉಳಿದಿರುತ್ತದೆ.

ಇಂಗ್ಲಿಷ್ ವಿಕಿಪೀಡಿಯಕ್ಕೆ ಕೊಂಡಿ ಬೇಕಾದರೆ ಜೋಡಿ ಆವರಣದೊಳಗೆ ಕೋಲನ್, ಇಂಗ್ಲಿಷಿನ ಎರಡಕ್ಷರದ ಸಂಕೇತ (en), ಮತ್ತೆ ಕೋಲನ್, ಆಮೇಲೆ ಲೇಖನದ ಹೆಸರು. ಆದರೆ ಸಾಲುಗಳ ನಡುವೆ ಇದನ್ನು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡ ಓದಲು ಬಂದವರನ್ನು ಹೇಳದೆ ಕೇಳದೆ ಇಂಗ್ಲಿಷಿಗೆ ಕಳಿಸಿದ ಹಾಗಾಗುತ್ತದೆ. ಪುಟದ ಭಾಷೆಗಳ ಪಟ್ಟಿಯಲ್ಲಿ ಬೇರೆ ಭಾಷೆಯ ಲೇಖನಗಳು ಹೇಗೂ ಇರುತ್ತವೆ. ಆ ಜೋಡಣೆಯನ್ನು ಈಗ ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ನೋಡಿಕೊಳ್ಳುತ್ತದೆ.

## ಕನ್ನಡ ವಿಳಾಸ ಅಷ್ಟುದ್ದ ಯಾಕೆ?

ಬಾದಾಮಿ ಲೇಖನದ ವಿಳಾಸ ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಕನ್ನಡ ಹೆಸರಿನ ಜಾಗದಲ್ಲಿ ಶೇಕಡಾ ಗುರುತುಗಳ ಮಾಲೆಯೇ ಬರುತ್ತದೆ. ಏನೋ ವೈರಸ್ ಎಂದು ಹೆದರುವವರೂ ಇದ್ದಾರೆ. ವಿಷಯ ಇಷ್ಟೇ: ಯೂನಿಕೋಡಿನಲ್ಲಿ ‘ಬಾದಾಮಿ’ ಎಂದರೆ ಬ, ದೀರ್ಘ, ದ, ದೀರ್ಘ, ಮ, ಗುಡಿಸು, ಒಟ್ಟು 6 ಸಂಕೇತಗಳು. ಈ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಗುರುತು ಮತ್ತು ಎರಡು ಅಕ್ಷರಗಳಾಗಿ ಬರೆಯುತ್ತಾರೆ. 6 ಸಲ 3, ಅದರ 3 ಪಟ್ಟು. ಮೂರಕ್ಷರದ ಊರಿನ ಹೆಸರಿಗೇ ವಿಳಾಸದಲ್ಲಿ 54 ಅಕ್ಷರಗಳು! ಕೊಂಡಿ ಸರಿಯಾಗಿಯೇ ಇರುತ್ತದೆ. ಚಿಕ್ಕದು ಬೇಕಿದ್ದರೆ ವಿಕಿಪೀಡಿಯದ ಉಪಕರಣಗಳ ಪಟ್ಟಿಯಲ್ಲಿ ಪುಟ್ಟ ವಿಳಾಸ ಮಾಡಿಕೊಡುವ ಸೌಲಭ್ಯ ಇದೆ. ಪೋಸ್ಟರಿಗೆ, ಶಾಲೆಯ ಹಲಗೆಯ ಮೇಲೆ ಬರೆಯಲು ಅದೇ ಅನುಕೂಲ. ಲೇಖನದೊಳಗೆ ಮಾತ್ರ ಈ ಉದ್ದದ ವಿಳಾಸ ಬೇಡವೇ ಬೇಡ, ಅಲ್ಲಿ ಜೋಡಿ ಆವರಣವೇ ಸಾಕು.

## ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ

ಕಲಿತ ಹೊಸದರಲ್ಲಿ ಕಂಡ ಪದಕ್ಕೆಲ್ಲ ಕೊಂಡಿ ಹಾಕುವ ಹುಮ್ಮಸ್ಸು ಬರುತ್ತದೆ. ಊರು, ನದಿ, ರಾಣಿ, ಗುಡಿ ಎಲ್ಲವೂ ನೀಲಿಯಾದರೆ ಯಾವುದು ಮುಖ್ಯ ಎಂದು ಓದುಗರಿಗೆ ತಿಳಿಯುವುದಿಲ್ಲ. ಈ ಪುಟ ಓದುತ್ತಿರುವವರು ಆ ಇನ್ನೊಂದು ಪುಟಕ್ಕೆ ಹೋದರೆ ಈ ವಿಷಯ ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆಯೇ? ಹೌದಾದರೆ ಹಾಕಿ. ಒಂದು ಹೆಸರು ಮೊದಲ ಸಲ ಬಂದಾಗ ಒಮ್ಮೆ ಹಾಕಿದರೆ ಸಾಕು.

ಎರಡು ಕೊಂಡಿಗಳನ್ನು ಪಕ್ಕಪಕ್ಕ ಇಡಬೇಡಿ. [[ಮೈಸೂರು]] [[ದಸರಾ]] ಎಂದು ಬರೆದರೆ ಒಂದೇ ಕೊಂಡಿಯಂತೆ ಕಾಣುತ್ತದೆ. ಒತ್ತಿದರೆ ಒಬ್ಬರು ಊರಿಗೆ, ಇನ್ನೊಬ್ಬರು ಹಬ್ಬಕ್ಕೆ. [[ಮೈಸೂರು ದಸರಾ]] ಎಂಬ ಲೇಖನ ಇದ್ದರೆ ಅದಕ್ಕೇ ಹಾಕಿ.

ಪೈಪಿನ ಬಲಗಡೆ ಬರೆಯುವ ಮಾತು ಎಲ್ಲಿಗೆ ಹೋಗುತ್ತೇವೆ ಎಂದು ಹೇಳುವಂತಿರಲಿ. ‘ಇಲ್ಲಿ ಒತ್ತಿ’, ‘ಹೆಚ್ಚಿನ ಮಾಹಿತಿಗೆ’ ಬೇಡ. ಕಣ್ಣು ಕಾಣದವರು ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ಓದುಗ ತಂತ್ರಾಂಶಗಳಲ್ಲಿ ಪುಟದ ಕೊಂಡಿಗಳನ್ನಷ್ಟೇ ಒಂದರ ಹಿಂದೊಂದು ಕೇಳಿಸಿಕೊಂಡು ಬೇಕಾದ್ದನ್ನು ಆರಿಸುತ್ತಾರೆ. ಹತ್ತು ಸಲ ‘ಇಲ್ಲಿ ಒತ್ತಿ’ ಎಂದು ಕೇಳಿದರೆ ಅವರಿಗೆ ಏನು ತಿಳಿಯುತ್ತದೆ? ‘ಪಟ್ಟದಕಲ್ಲಿನ ಶಾಸನಗಳು’ ಎಂದಿದ್ದರೆ ಕೆಲಸ ಆಯಿತು.

ನಮ್ಮ ಪ್ಯಾರಾ ಈಗ ಹೀಗಾಗಬಹುದು. ಲೇಖನಗಳ ಹೆಸರು ನೀವು ಹುಡುಕಿದಾಗ ಬೇರೆ ಕಂಡರೆ ಎಡಗಡೆಯದನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

ಪಟ್ಟದಕಲ್ಲು [[ಬಾಗಲಕೋಟೆ ಜಿಲ್ಲೆ|ಬಾಗಲಕೋಟೆ ಜಿಲ್ಲೆಯ]] ಊರು. [[ಮಲಪ್ರಭಾ ನದಿ|ಮಲಪ್ರಭೆಯ]] ದಡದಲ್ಲಿದೆ. [[ಬಾದಾಮಿ ಚಾಲುಕ್ಯರು|ಬಾದಾಮಿಯ ಚಾಲುಕ್ಯರು]] ಇಲ್ಲಿ ಹಲವು ಗುಡಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ದೊಡ್ಡದು [[ವಿರೂಪಾಕ್ಷ ದೇವಾಲಯ (ಪಟ್ಟದಕಲ್ಲು)|ವಿರೂಪಾಕ್ಷ ದೇವಾಲಯ]]. [[ಎರಡನೇ ವಿಕ್ರಮಾದಿತ್ಯ|ಎರಡನೇ ವಿಕ್ರಮಾದಿತ್ಯನು]] ಕಂಚಿಯ [[ಪಲ್ಲವ|ಪಲ್ಲವರನ್ನು]] ಗೆದ್ದ ನೆನಪಿಗೆ ಅವನ ರಾಣಿ [[ಲೋಕಮಹಾದೇವಿ]] ಇದನ್ನು ಕಟ್ಟಿಸಿದಳು. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋದ [[ವಿಶ್ವ ಪರಂಪರೆಯ ತಾಣ|ವಿಶ್ವ ಪರಂಪರೆಯ ತಾಣಗಳ]] ಪಟ್ಟಿಗೆ ಸೇರಿತು.

ಊರು, ಗುಡಿ, ರಾಣಿ ಎಂಬ ಪದಗಳನ್ನು ಹಾಗೇ ಬಿಟ್ಟಿದ್ದೇವೆ. ‘ಕಂಚಿಯ ಪಲ್ಲವರನ್ನು’ ಎನ್ನುವಲ್ಲಿ ಕಂಚಿಗೂ ಹಾಕಿದ್ದರೆ ಎರಡು ನೀಲಿಗಳು ಅಂಟಿಕೊಳ್ಳುತ್ತಿದ್ದವು. ಇಲ್ಲಿ ಮುಖ್ಯ ಪಲ್ಲವರು, ಹಾಗಾಗಿ ಅವರಿಗೆ ಮಾತ್ರ.

## ವಿಶುವಲ್ ಎಡಿಟರಿನಲ್ಲಿ

ಪದವನ್ನು ಆಯ್ದುಕೊಂಡು ಮೇಲಿನ ಸರಪಳಿ ಚಿತ್ರ ಒತ್ತಿ, ಅಥವಾ ಕಂಟ್ರೋಲ್ ಮತ್ತು ಕೆ ಒಟ್ಟಿಗೆ ಒತ್ತಿ. ಹುಡುಕುವ ಚೌಕ ತೆರೆಯುತ್ತದೆ, ಅದರಲ್ಲಿ ಮೊದಲೇ ನಿಮ್ಮ ಪದ ತುಂಬಿರುತ್ತದೆ. ‘ಮೈಸೂರಿನಲ್ಲಿ’ ಆಯ್ದಿದ್ದರೆ ಆ ರೂಪವೇ ಇರುತ್ತದೆ. ಪ್ರತ್ಯಯವನ್ನು ಅಳಿಸಿ ‘ಮೈಸೂರು’ ಎಂದು ಮಾಡಿ, ಕೆಳಗೆ ಬಂದ ಪಟ್ಟಿಯಿಂದ ಸರಿಯಾದದ್ದನ್ನು ಆರಿಸಿ. ಪೈಪ್ ಹಾಕುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಹೊರಗಿನ ತಾಣಕ್ಕಾದರೆ ಪಕ್ಕದ ಟ್ಯಾಬಿನಲ್ಲಿ ವಿಳಾಸ ಅಂಟಿಸಿ.

## ಉಳಿಸಿದ ಮೇಲೆ

ಸಂಪಾದನೆಯ ಸಾರಾಂಶದ ಜಾಗದಲ್ಲಿ ‘ಕೊಂಡಿಗಳನ್ನು ಸೇರಿಸಿದೆ’ ಎಂದು ನಾಲ್ಕು ಮಾತು ಬರೆದು ಪ್ರಕಟಿಸಿ. ಮುಂದೆ ಆ ಪುಟ ತಿದ್ದುವವರಿಗೆ ಏನಾಗಿದೆ ಎಂದು ತಿಳಿಯುತ್ತದೆ. ಗೊಂದಲ ಇದ್ದರೆ ‘ಅರಳಿ ಕಟ್ಟೆ’ ಎಂಬ ಚರ್ಚೆಯ ಪುಟದಲ್ಲಿ ಕೇಳಿ. ಹಳಬರು ಉತ್ತರ ಕೊಡುತ್ತಾರೆ.

ನೀವು ಹೊಸ ಲೇಖನ ಬರೆದಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ನಿಮ್ಮ ಪುಟದಿಂದ ಹೊರಗೆ ಹೋಗುವ ಕೊಂಡಿಗಳಾದವು, ಒಳಗೆ ಬರುವ ಕೊಂಡಿಗಳು? ಉಪಕರಣಗಳ ಪಟ್ಟಿಯಲ್ಲಿ ಈ ಪುಟಕ್ಕೆ ಯಾವ ಯಾವ ಪುಟಗಳಿಂದ ಕೊಂಡಿ ಇದೆ ಎಂದು ತೋರಿಸುವ ಸಾಲೊಂದಿದೆ, ಅದನ್ನು ಒತ್ತಿ. ಪಟ್ಟಿ ಖಾಲಿ ಇದ್ದರೆ ಬೇರೆ ಲೇಖನ ಓದುತ್ತಾ ಬಂದ ಯಾರಿಗೂ ನಿಮ್ಮ ಪುಟ ಸಿಗುವುದಿಲ್ಲ. ವಿಕಿಯಲ್ಲಿ ಇವನ್ನು ಅನಾಥ ಪುಟಗಳು ಎನ್ನುತ್ತಾರೆ. ಲೋಕಮಹಾದೇವಿಯ ಬಗ್ಗೆ ಬರೆದಿರಿ ಎಂದುಕೊಳ್ಳಿ. ಹುಡುಕು ಚೌಕದಲ್ಲಿ ಆ ಹೆಸರು ಕೊಟ್ಟು, ಯಾವ ಲೇಖನಗಳಲ್ಲಿ ಅವಳ ಪ್ರಸ್ತಾಪ ಇದೆ ನೋಡಿ. ಪಟ್ಟದಕಲ್ಲು, ಎರಡನೇ ವಿಕ್ರಮಾದಿತ್ಯ, ಚಾಲುಕ್ಯರ ವಾಸ್ತುಶಿಲ್ಪ, ಒಂದೊಂದನ್ನೂ ತೆರೆದು ಅವಳ ಹೆಸರಿಗೆ ಜೋಡಿ ಆವರಣ ಹಾಕಿ. ಅಲ್ಲಿ ‘ಲೋಕಮಹಾದೇವಿಯು’ ಎಂದೋ ‘ಲೋಕಮಹಾದೇವಿಯ’ ಎಂದೋ ಇರುತ್ತದೆ. ಪೈಪ್ ಮರೆಯಬೇಡಿ.